ಥೈರಾಯ್ಡ್ ಗುಳಿಗೆಗೂ ಮೊದಲು ಕಾರ್ಟಿಸಾಲ್ ನೋಡಿರಿ

ಮಾನ್ಯ ಸಂಪಾದಕರೆ,

ಸುಸ್ತು ಎಂದು ದವಾಖಾನೆಗೆ ಬರುವ ಹೆಣ್ಣುಮಕ್ಕಳಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಈಗ ನಮ್ಮ ಭಾಗದ ಸಣ್ಣ ಊರುಗಳಲ್ಲಿಯೂ ರೂಢಿಯಾಗಿದೆ. ಅದು ಒಳ್ಳೆಯದೇ. ಆದರೆ ಕೊರತೆ ಕಂಡೊಡನೆ ಗುಳಿಗೆ ಬರೆಯುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳದ ಕಾರಣ ನನ್ನ ಅಕ್ಕ ಸಾವಿನ ಬಾಗಿಲಿಗೆ ಹೋಗಿ ಬಂದಳು. ಕೊನೆಯ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಿತ್ತೇ, ಎದೆಹಾಲು ಬಂದಿತ್ತೇ, ಮುಟ್ಟು ಮರಳಿತೇ ಎಂಬುದೇ ಆ ಪ್ರಶ್ನೆ.

ಅಕ್ಕ ರೋಣ ತಾಲ್ಲೂಕಿನ ಹಳ್ಳಿಯವಳು. 14 ವರ್ಷಗಳ ಹಿಂದಿನ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಬದುಕುಳಿದಳು. ಕೂಸಿಗೆ ಹಾಲು ಬರಲಿಲ್ಲ, ಮುಟ್ಟು ಮತ್ತೆ ಕಾಣಲಿಲ್ಲ, ಕಂಕುಳಿನ ಕೂದಲು ಉದುರಿ ಹೋಯಿತು, ಮುಖ ಬಿಳಿಚಿಕೊಂಡಿತು. ಬಾಣಂತನ ನೆಟ್ಟಗಾಗಲಿಲ್ಲ ಎಂದು ಮನೆಯ ಹಿರಿಯರು, ರಕ್ತ ಕಡಿಮೆ ಇದೆ ಎಂದು ದವಾಖಾನೆಯವರು ಹೇಳುತ್ತ ಬಂದರು. ಹೋದ ವರ್ಷ ಒಂದು ಕಡೆ ಥೈರಾಯ್ಡ್ ಕೊರತೆ ಕಂಡು ಗುಳಿಗೆ ಕೊಟ್ಟರು. ಎರಡು ವಾರವೂ ಕಳೆದಿರಲಿಲ್ಲ. ವಾಂತಿ ಹತ್ತಿ, ಬಿಪಿ ಕುಸಿದು, ಅಡುಗೆಮನೆಯಲ್ಲಿಯೇ ಎಚ್ಚರ ತಪ್ಪಿ ಬಿದ್ದಳು. ಹುಬ್ಬಳ್ಳಿಗೆ ಒಯ್ದಾಗ ಅಲ್ಲಿಯ ವೈದ್ಯರು ಮೊದಲು ಕೇಳಿದ್ದು ಅವಳ ಹೆರಿಗೆಯ ಕಥೆಯನ್ನು.

ಅಂದಿನಿಂದ ನಾನು ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಹೇಳುತ್ತೇನೆ. ಬಸುರಿಯಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಿಗ್ಗಿರುತ್ತದೆ. ಹೆರಿಗೆಯಲ್ಲಿ ರಕ್ತ ಹರಿದು ಬಿಪಿ ಇಳಿದರೆ ಅದಕ್ಕೆ ರಕ್ತ ಸಾಲದೆ ಅದರ ಭಾಗ ಸತ್ತುಹೋಗಬಹುದು. 1937ರಲ್ಲಿ ಇದನ್ನು ವಿವರವಾಗಿ ಬರೆದ ಇಂಗ್ಲೆಂಡಿನ ವೈದ್ಯ ಶೀಹನ್ ಅವರ ಹೆಸರಿನಿಂದಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಎದೆಹಾಲಿಗೆ, ಅಂಡಾಶಯಕ್ಕೆ, ಥೈರಾಯ್ಡಿಗೆ, ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗೆ ಅಪ್ಪಣೆ ಹೋಗುವುದು ಪಿಟ್ಯುಟರಿಯಿಂದಲೇ ಆದ್ದರಿಂದ, ಅದು ಸೋತರೆ ಇವೆಲ್ಲವೂ ಸೊರಗುತ್ತವೆ. ಇವುಗಳ ಪೈಕಿ ಜೀವಕ್ಕೆ ತಕ್ಷಣ ಬೇಕಾದದ್ದು ಅಡ್ರಿನಲ್ ಕೊಡುವ ಕಾರ್ಟಿಸಾಲ್. ಬಿಪಿ ನಿಲ್ಲುವುದಕ್ಕೆ, ಹಸಿದಾಗ ರಕ್ತದ ಸಕ್ಕರೆ ಇಳಿಯದಿರುವುದಕ್ಕೆ, ಸೋಡಿಯಂ ಹದದಲ್ಲಿರುವುದಕ್ಕೆ ಅದು ಬೇಕು.

ಥೈರಾಯ್ಡ್ ಹಾರ್ಮೋನು ದೇಹದ ಎಲ್ಲ ಕೆಲಸಗಳನ್ನು ಚುರುಕುಗೊಳಿಸುತ್ತದೆ. ಕಾರ್ಟಿಸಾಲ್ ಕರಗಿ ಹೋಗುವುದೂ ಆಗ ವೇಗವಾಗುತ್ತದೆ. ಮೊದಲೇ ಅಷ್ಟಿಷ್ಟು ಉಳಿದಿದ್ದವರಲ್ಲಿ ಅದೂ ಬರಿದಾಗುತ್ತದೆ. ಆದುದರಿಂದ ಎರಡೂ ಕಡಿಮೆಯಿದ್ದಾಗ ಕಾರ್ಟಿಸಾಲ್ ಮೊದಲು, ಥೈರಾಯ್ಡ್ ಆಮೇಲೆ. ಈ ಕ್ರಮ ತಪ್ಪಬಾರದು. ಸುಳಿವು ರಿಪೋರ್ಟಿನಲ್ಲಿಯೇ ಇರುತ್ತದೆ. ಥೈರಾಯ್ಡ್ ಗ್ರಂಥಿಯೇ ಕೆಟ್ಟಿದ್ದರೆ ಅದಕ್ಕೆ ಪಿಟ್ಯುಟರಿ ಕಳಿಸುವ ಅಪ್ಪಣೆಯಾದ ಟಿಎಸ್‌ಎಚ್ ಏರಿರಬೇಕು. ಥೈರಾಯ್ಡ್ ಹಾರ್ಮೋನಾದ ಟಿ4 ಕಡಿಮೆಯಿದ್ದೂ ಟಿಎಸ್‌ಎಚ್ ಏರದಿದ್ದರೆ ದೋಷ ಪಿಟ್ಯುಟರಿಯಲ್ಲಿರಬಹುದು. ಅಕ್ಕನ ಕಾಗದದಲ್ಲಿ ಇದೇ ಬರೆದಿತ್ತು.

ಬೆಳಿಗ್ಗೆ 8ರ ಸುಮಾರಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ಡೆಸಿಲೀಟರಿಗೆ 3 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಬಹುತೇಕ ಖಚಿತ. ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ ಈ ಅಂಕಿ ಸುಳ್ಳು ಏರಿಕೆ ತೋರಿಸುವುದರಿಂದ ಅದನ್ನೂ ವೈದ್ಯರಿಗೆ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕಾರ್ಟಿಸಾಲನ್ನು ಬೇಗ ಕರಗಿಸುತ್ತದೆ. ಕ್ಷಯವು ಅಡ್ರಿನಲ್ ಗ್ರಂಥಿಯನ್ನೇ ತಿಂದುಹಾಕುವ ಕಾಯಿಲೆಯೂ ಆಗಿರುವುದರಿಂದ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಅಡ್ರಿನಲ್ ಗ್ರಂಥಿಯೇ ಹಾಳಾದವರ ಚರ್ಮ, ಒಸಡು ಕಪ್ಪಾಗುತ್ತವೆ; ಅವರಿಗೆ ಉಪ್ಪಿನ ಸಮತೋಲನ ಕಾಯುವ ಫ್ಲುಡ್ರೊಕಾರ್ಟಿಸೋನ್ ಕೂಡ ಬೇಕಾಗುತ್ತದೆ.

ಕಾರ್ಟಿಸಾಲ್ ಕೊರತೆಗೆ ಇನ್ನೊಂದು ಕಾರಣ ನಮ್ಮ ಸಂತೆಗಳಲ್ಲಿಯೇ ಸಿಗುತ್ತದೆ. ಮಂಡಿನೋವಿಗೆ, ದಮ್ಮಿಗೆ ಎಂದು ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಕಾರ್ಟಿಸಾಲಿನಂತೆ ಕೆಲಸ ಮಾಡುವ ಸ್ಟೀರಾಯ್ಡ್ ಬೆರೆತಿರುವುದುಂಟು. ತಿಂಗಳುಗಟ್ಟಲೆ ತಿಂದರೆ ದೇಹ ತನ್ನ ಕಾರ್ಟಿಸಾಲ್ ಮಾಡುವುದನ್ನೇ ನಿಲ್ಲಿಸುತ್ತದೆ. ಒಮ್ಮೆಲೇ ಬಿಟ್ಟರೆ ಅಕ್ಕನಿಗೆ ಆದದ್ದೇ ಆಗಬಹುದು. ವೈದ್ಯರೇ ಬರೆದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಆದರೂ ಅವರು ಹೇಳಿದಂತೆ ಇಳಿಸುತ್ತಲೇ ಬಿಡಬೇಕು.

ಚಿಕಿತ್ಸೆ ಕಠಿಣವಲ್ಲ. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನು, ಅಂದರೆ ಔಷಧಿ ರೂಪದ ಕಾರ್ಟಿಸಾಲನ್ನು, ಎರಡು ಮೂರು ಪಾಲು ಮಾಡಿ, ದೊಡ್ಡ ಪಾಲು ಎದ್ದ ಕೂಡಲೇ, ನುಂಗಬೇಕು. ಜ್ವರ ಬಂದರೆ ಪ್ರಮಾಣವನ್ನು ಎರಡು ಮೂರು ಪಟ್ಟು ಏರಿಸಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಇಂಜೆಕ್ಷನ್ ತಡಮಾಡಬಾರದು. ಈ ಕೊರತೆಯಿಂದ ಕುಸಿದು ಬಿದ್ದವರಿಗೆ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ನನ್ನು ಸಲೈನ್ ಜೊತೆಗೆ, ರಿಪೋರ್ಟಿಗಾಗಿ ಕಾಯದೆ, ಕೊಡಬೇಕು.

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಈ ಇಂಜೆಕ್ಷನ್ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸದಾ ಇರಲಿ, ಹೈಡ್ರೊಕಾರ್ಟಿಸೋನ್ ಗುಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ತಪ್ಪದೆ ಸಿಗಲಿ, ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದ ತಾಯಂದಿರಿಗೆ ಹಾಲು ಬಂತೇ, ಮುಟ್ಟು ಮರಳಿತೇ ಎಂದು ಕೇಳಿ ಬರೆದಿಡಲು ಆಶಾ ಕಾರ್ಯಕರ್ತೆಯರಿಗೆ ತಿಳಿಸಲಿ. ಅಕ್ಕನಿಗೆ ಇದನ್ನು ಯಾರಾದರೂ ಕೇಳಲು ಹತ್ತಿರ ಹತ್ತಿರ 14 ವರ್ಷ ಹಿಡಿಯಿತು.

ನಿವೃತ್ತ ಶಿಕ್ಷಕಿ,
ಬೆಟಗೇರಿ, ಗದಗ