ಸಡಿಲ ಬಂಡೆ ಕೆಡವಿದ ಮೇಲೆಯೇ ಕೆಲಸ ನಡೆಯಲಿ

ಮಾನ್ಯ ಸಂಪಾದಕರೇ,

ರಾಯಚೂರು ಜಿಲ್ಲೆಯ ಹಟ್ಟಿಯಂತಹ ಆಳದ ಚಿನ್ನದ ಗಣಿಗಳಲ್ಲಿ ಸ್ಫೋಟದ ಬಳಿಕ ಮೇಲ್ಭಾಗದ ಬಂಡೆ ಬಿರುಕುಬಿಟ್ಟು ಸಡಿಲಗೊಳ್ಳುವುದರಿಂದ, ಹೊಗೆ ಹೋದ ಕೂಡಲೇ ಕೆಲಸಕ್ಕಿಳಿಯದೆ, ಅನುಭವಿ ಕಾರ್ಮಿಕರು ಭದ್ರವಾದ ಜಾಗದಲ್ಲಿ ನಿಂತು ಉದ್ದನೆಯ ಹಾರೆಯಿಂದ ಬಂಡೆಯನ್ನು ತಟ್ಟಿ ನೋಡಬೇಕು. ಗಟ್ಟಿ ಬಂಡೆ ಖಣಖಣ ಎನ್ನುತ್ತದೆ. ಸಡಿಲವಾದದ್ದು ಒಡೆದ ಮಡಕೆಯಂತೆ ಸಪ್ಪೆ ದನಿ ಕೊಡುತ್ತದೆ. ಅಂಥದ್ದನ್ನು ಕೆಡವಿ, ಅಗತ್ಯವಿದ್ದಲ್ಲಿ ರಾಕ್ ಬೋಲ್ಟ್ (ಬಂಡೆಯೊಳಗೆ ಕೂರಿಸುವ ಉಕ್ಕಿನ ಸರಳು) ಮತ್ತು ಜಾಲರಿ ಬಿಗಿದ ಮೇಲೆಯೇ ಕೊರೆಯುವ ಯಂತ್ರ ಮುಂದೆ ಸಾಗಲಿ. ಗಣಿ ಸುರಕ್ಷತೆಯ ಕಾನೂನು ಗುತ್ತಿಗೆ ಕಾರ್ಮಿಕರನ್ನೂ ಒಳಗೊಳ್ಳುತ್ತದೆ; ಆದರೆ ಕಾನೂನೊಂದೇ ಸಾಲದು, ಈ ದನಿಯ ವ್ಯತ್ಯಾಸವನ್ನು ಹೊಸಬರು ತರಗತಿಯ ಚಿತ್ರ ನೋಡಿ ಕಲಿಯಲಾರರು, ಹಳಬರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಉತ್ಪಾದನೆಯ ಗುರಿಗಾಗಿ ಬಂಡೆ ತಟ್ಟಿ ನೋಡುವ ಹೊತ್ತನ್ನು ಮೊಟಕುಗೊಳಿಸದಂತೆ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ರಾತ್ರಿ ಪಾಳಿಯಲ್ಲೂ ಮುನ್ಸೂಚನೆಯಿಲ್ಲದೆ ತಪಾಸಣೆ ನಡೆಸಬೇಕು.

– ಓದುಗ, ಲಿಂಗಸುಗೂರು