ಮನೆಗೆ ಸಹಿ ಹಾಕುವ ಮುಂಚೆ ಓದು

ಪುಟ್ಟಿಗೆ ಆಶೀರ್ವಾದ,

ಸ್ಯಾನ್ ಹೋಸೆಯಲ್ಲಿ 16 ಲಕ್ಷ ಡಾಲರಿನ ಮನೆ ನೋಡಿದ್ದೀರಿ ಅಂತ ದೊಡ್ಡಮ್ಮ ಹೇಳಿದಳು. ಪಕ್ಕದ ಮನೆಯ ಅಜ್ಜಿ ಕಟ್ಟುವ ಮನೆ ತೆರಿಗೆ ನಿನ್ನದರಲ್ಲಿ ಮೂರನೇ ಒಂದು ಪಾಲು ಅಂತ ನಿನಗೆ ಸಿಟ್ಟಂತೆ. ಆ ಅಜ್ಜಿ ಬೇರೆ ಅಲ್ಲ, ನಾನು ಬೇರೆ ಅಲ್ಲ. ಫ್ರೀಮಾಂಟ್‌ನ ಈ ಮನೆ ನಾನು 1994ರಲ್ಲಿ 3 ಲಕ್ಷಕ್ಕೆ ಕೊಂಡದ್ದು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನ ವೋಟು ಹಾಕಿ ತಂದ ಪ್ರೊಪೊಸಿಷನ್ 13 ಪ್ರಕಾರ ಮೂಲ ತೆರಿಗೆ ಶೇ 1, ತೆರಿಗೆಗೆ ಹಿಡಿಯುವ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ, ಮನೆ ಕೈ ಬದಲಾದಾಗಲೇ ಹೊಸ ಬೆಲೆ. ಹಾಗಾಗಿ ಕೌಂಟಿಯ ಲೆಕ್ಕದಲ್ಲಿ ನನ್ನ ಮನೆ ಇನ್ನೂ ಸುಮಾರು 5.5 ಲಕ್ಷದ್ದು. ನನಗೆ 5,500, ನಿನಗೆ 16,000, ಊರಿನ, ಶಾಲೆಗಳ ಸಾಲದ ಬಾಂಡು ತೀರಿಸಲು ಹಾಕುವ ಬಾಬ್ತು ಬೇರೆ. ಇದು ಅನ್ಯಾಯ ಅಂತ ಲಾಸ್ ಏಂಜಲೀಸಿನಲ್ಲಿ ಮನೆ ಕೊಂಡ ಮಹಿಳೆಯೊಬ್ಬರು ಸುಪ್ರೀಂ ಕೋರ್ಟ್ ತನಕ ಹೋಗಿ 1992ರಲ್ಲಿ ಸೋತರು.

ಆದರೆ ಅಗ್ಗದ ಬಿಲ್ಲು ಸುಮ್ನೆ ಸಿಗುವುದಿಲ್ಲ. 2008ರಲ್ಲಿ ನನ್ನ ಕೆಲಸ ಮೌಂಟನ್ ವ್ಯೂಗೆ ಹೋಯಿತು. ಅಲ್ಲಿ ಮನೆ ಕೊಂಡರೆ ತೆರಿಗೆ ಎರಡು ಪಟ್ಟು ದಾಟುತ್ತಿತ್ತು, ವಯಸ್ಸು 55 ತುಂಬದವನಿಗೆ ಹಳೇ ಲೆಕ್ಕ ಜೊತೆಗೆ ಒಯ್ಯುವ ದಾರಿ ಇರಲಿಲ್ಲ. 14 ವರ್ಷ ಡಂಬಾರ್ಟನ್ ಸೇತುವೆ ದಾಟಿದೆ, ನಿಮ್ಮಣ್ಣ ಓದುವುದನ್ನು ಕಂಡದ್ದಕ್ಕಿಂತ ಮುಂದಿನ ಕಾರಿನ ಕೆಂಪು ದೀಪ ಕಂಡದ್ದೇ ಹೆಚ್ಚು. 2021ರ ಏಪ್ರಿಲಿನಿಂದ ಪ್ರೊಪೊಸಿಷನ್ 19 ಪ್ರಕಾರ 55 ದಾಟಿದವರು ಆ ಲೆಕ್ಕವನ್ನು ರಾಜ್ಯದಲ್ಲಿ ಎಲ್ಲಿಗಾದರೂ, ಮೂರು ಸಲ ಒಯ್ಯಬಹುದು. ನಾನು ಮರುವರ್ಷವೇ ರಿಟೈರ್ ಆದೆ! ಅದಕ್ಕೇ ಹೇಳುವುದು, ಕೆಲಸಕ್ಕೆ ಹತ್ತಿರ ಇರುವ ಮನೆ ನೋಡು, ಆಮೇಲೆ ಕದಲುವುದು ಕಷ್ಟ.

ಇನ್ನು ವೋಟು. ನಾಚಿಕೆ ಬಿಟ್ಟು ಹೇಳುತ್ತೇನೆ. ನಿಮ್ಮಣ್ಣ ಶಾಲೆಯಲ್ಲಿದ್ದಾಗ ಶಾಲೆಗಳಿಗಾಗಿ ಪ್ರತಿ ಮನೆ-ಜಾಗದ ಮೇಲೆ ಹಾಕುವ ಪಾರ್ಸೆಲ್ ಟ್ಯಾಕ್ಸ್ ಎಂಬ ತೆರಿಗೆಗೆ ಯೆಸ್ ಹಾಕಿದೆ, ಅವನು ಕಾಲೇಜಿಗೆ ಹೋದ ಮೇಲೆ ನೋ. ಅದು ಗೆಲ್ಲಲು ಮೂರರಲ್ಲಿ ಎರಡು ಪಾಲು ವೋಟು ಬೇಕು, ಕೆಡಿಸಲು ನನ್ನಂಥವರು ಸ್ವಲ್ಪ ಜನ ಸಾಕು. 2020ರಲ್ಲಿ ದೊಡ್ಡ ಕಂಪನಿಗಳ ಕಟ್ಟಡಗಳಿಗೆ ಮಾರ್ಕೆಟ್ ಬೆಲೆಯ ಮೇಲೆ ತೆರಿಗೆ ಹಾಕುವ ಪ್ರೊಪೊಸಿಷನ್ 15 ಬಂದಾಗ, ಮನೆಗಳಿಗೆ ಅದು ತಾಗುವುದಿಲ್ಲ ಅಂತ ಗೊತ್ತಿದ್ದೂ, ನಾಳೆ ನಮ್ಮ ಬಾಗಿಲಿಗೂ ಬರುತ್ತಾರೆ ಅಂತ ಹೆದರಿ ನೋ ಒತ್ತಿದೆ. ಸೋತಿತು. ನಿನಗೆ ಸಿಟಿಜನ್‌ಶಿಪ್ ಬರುವ ತನಕ ತೆರಿಗೆ ಮಾತ್ರ, ವೋಟಿಲ್ಲ. ವೋಟು ಸಿಗುವ ಹೊತ್ತಿಗೆ ನಿನ್ನ ಬಿಲ್ಲೂ ಹೊಸಬರಿಗಿಂತ ಅಗ್ಗ ಆಗಿರುತ್ತದೆ, ಅಲ್ವಾ? ಈಗಿನ ಸಿಟ್ಟನ್ನು ಎಲ್ಲಾದರೂ ಬರೆದಿಡು.

ಇನ್ನೊಂದು, ಮನೆ ಕೊಂಡ ಕೆಲವು ತಿಂಗಳಿಗೆ ಹಳೇ ಲೆಕ್ಕಕ್ಕೂ ನಿನ್ನ ಹೊಸ ಬೆಲೆಗೂ ಇರುವ ವ್ಯತ್ಯಾಸದ ತೆರಿಗೆ ಸಪ್ಲಿಮೆಂಟಲ್ ಬಿಲ್ ಅಂತ ಬೇರೆ ಬರುತ್ತದೆ. ಬ್ಯಾಂಕಿನವರು ಸಾಮಾನ್ಯವಾಗಿ ಅದನ್ನು ಕಟ್ಟುವುದಿಲ್ಲ. ದುಡ್ಡು ಎತ್ತಿಟ್ಟುಕೊಳ್ಳಿ ಅಂತ ಅಳಿಯಂದಿರಿಗೂ ಹೇಳು.

ನಿನ್ನ ದೊಡ್ಡಪ್ಪ