ಶಬಾನಾ ಅವರೇ, ಆಗಲೇ ಬಂದವರ ಲೆಕ್ಕ ಬದಲಿಸಬೇಡಿ

ಮಾನ್ಯ ಬ್ರಿಟನ್ ಗೃಹ ಸಚಿವೆ ಶಬಾನಾ ಮಹಮೂದ್ ಅವರಿಗೆ,

ನಮಸ್ಕಾರ. ನವೆಂಬರ್ ಬಂತೆಂದರೆ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪುಗಳಲ್ಲಿ ರಾಜ್ಯೋತ್ಸವದ ಗಲಾಟೆ. 2025ರ ನವೆಂಬರಿನಲ್ಲಿ ಮಾತ್ರ ಐಎಲ್‌ಆರ್, ಅಂದರೆ ಬ್ರಿಟನ್ನಿನಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಬಿಟ್ಟು ಬೇರೆ ಮಾತೇ ಇರಲಿಲ್ಲ. ಅದಕ್ಕೆ 5 ವರ್ಷ ಸಾಕಿದ್ದದ್ದು 10 ಆಗಬೇಕು ಎಂಬ ನಿಮ್ಮ ಪ್ರಸ್ತಾವದ ವಿವರ ಬಂದದ್ದು ಆಗಲೇ.

ಎಡಪಂಥದ ರಾಜಕಾರಣಿಗಳು ಗಡಿ, ಪೊಲೀಸು ಅಂತ ಬಾಯಿ ಬಿಡಬಾರದು ಅನ್ನುವವನು ನಾನಲ್ಲ. ಬರ್ಮಿಂಗ್‌ಹ್ಯಾಮಿನ ನಿಮ್ಮ ತಂದೆಯ ಅಂಗಡಿಯಲ್ಲಿ ಕೌಂಟರಿನ ಹಿಂದೆ ಒಂದು ಕ್ರಿಕೆಟ್ ಬ್ಯಾಟ್ ಇರುತ್ತಿತ್ತು ಎಂದು ನೀವೇ ಹೇಳಿದ್ದೀರಿ. ಅದು ಆಡೋಕೆ ಇಟ್ಟದ್ದಲ್ಲ, ಕಳ್ಳರ ಭಯಕ್ಕೆ. ಭದ್ರತೆ ಬಡವರಿಗೇ ಮೊದಲು ಬೇಕು ಎಂದು ನಿಮಗೆ ಯಾರೂ ಕಲಿಸಬೇಕಿಲ್ಲ. 2010ರಲ್ಲಿ ಅದೇ ಊರಿನ ಲೇಡಿವುಡ್ ಕ್ಷೇತ್ರದಿಂದ ಸಂಸತ್ತಿಗೆ ಗೆದ್ದಿರಿ. 2024ರಲ್ಲಿ ನ್ಯಾಯ ಸಚಿವೆಯಾದಾಗ ಜೈಲುಗಳು ತುಂಬಿ ತುಳುಕುತ್ತಿದ್ದವು. ಶಿಕ್ಷೆಯ ಶೇ. 40 ಮುಗಿಸಿದ ಹಲವು ಕೈದಿಗಳನ್ನು ಹೊರಗೆ ಬಿಡಬೇಕಾಯಿತು. ಓಟು ತರುವ ಕೆಲಸವಲ್ಲ ಅದು. ಆದರೂ ಮಾಡಿದಿರಿ.

ಹಾಗಾಗಿಯೇ ಈ ಪ್ರಸ್ತಾವ ಅರ್ಥವಾಗುತ್ತಿಲ್ಲ. ಎಲ್ಲರಿಗೂ 10 ವರ್ಷವೂ ಅಲ್ಲ. ವರ್ಷಕ್ಕೆ 1,25,140 ಪೌಂಡ್ ಸಂಬಳದವರಿಗೆ 3 ವರ್ಷ. ಕೇರ್ ಹೋಮಿನಲ್ಲಿ ದುಡಿಯುವವರಿಗೆ 15 ವರ್ಷ! ಕಾರ್ಮಿಕ ಸಂಘಗಳು ಸೇರಿ ಕಟ್ಟಿದ ನಿಮ್ಮ ಲೇಬರ್ ಪಕ್ಷ ಮನುಷ್ಯರನ್ನು ಸಂಬಳದ ಚೀಟಿ ನೋಡಿ ಅಳೆಯೋದಾ?

2022ರಲ್ಲಿ ಜನ ಸಾಲದೆ ಕೇರ್ ಕೆಲಸಕ್ಕೆ ವೀಸಾ ಬಾಗಿಲು ತೆರೆದದ್ದು ಹಿಂದಿನ ಸರ್ಕಾರ. ಬಂದವರು ಮಾಡುತ್ತಿರುವುದೇನು? ಎದ್ದು ಕೂರಲಾಗದ ಅಜ್ಜನ ಒದ್ದೆ ಹಾಸಿಗೆ ಬದಲಿಸುವುದು, ಮರೆವು ಬಂದ ಅಜ್ಜಿಗೆ ಪುಸಲಾಯಿಸಿ ಮಾತ್ರೆ ನುಂಗಿಸುವುದು, ರಾತ್ರಿ ಪಾಳಿ ಮುಗಿಸಿ ಮೊದಲ ಬಸ್ಸಿಗೆ ಕಾಯುವುದು. ಇವರ ವೀಸಾ ಕೆಲಸ ಕೊಟ್ಟವನ ಕೈಯಲ್ಲಿದೆ. ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಅವನ ಲೈಸೆನ್ಸ್ ಹೋದರೆ ಸಾಮಾನ್ಯವಾಗಿ 60 ದಿನದಲ್ಲಿ ಇನ್ನೊಬ್ಬ ಸ್ಪಾನ್ಸರ್, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಮಾಲೀಕನನ್ನು, ಹುಡುಕಿಕೊಳ್ಳಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಸಂಬಳ ಕಡಿದರೂ, ರಜೆ ಕೊಡದಿದ್ದರೂ ಬಾಯಿ ಮುಚ್ಚಿಕೊಂಡೇ ಇರುತ್ತಾರೆ. ಇದನ್ನು 15 ವರ್ಷಕ್ಕೆ ಎಳೆದರೆ ಲಾಭ ಯಾರಿಗೆ? ಸುಲಿಗೆ ಮಾಡುವವನಿಗೇ ಅಲ್ವಾ? 35ಕ್ಕೆ ಬಂದ ಹೆಂಗಸಿಗೆ ನೆಲೆ ಸಿಗುವಷ್ಟರಲ್ಲಿ 50 ಆಗಿರುತ್ತದೆ.

ನೆಲೆಸುವುದು ಹಕ್ಕಲ್ಲ, ಗಳಿಸಬೇಕಾದದ್ದು ಅನ್ನುತ್ತೀರಿ. ಒಪ್ಪೋಣ. ನಾಳೆ ಬರುವವರಿಗೆ ಹೊಸ ನಿಯಮ ಹೇಳಿ. ಬೇಕಾದರೆ ಬರುತ್ತಾರೆ, ಬೇಡವಾದರೆ ಬಿಡುತ್ತಾರೆ. ಆದರೆ 5 ವರ್ಷ ಎಂದು ನಂಬಿ ಊರಲ್ಲಿ ಒಡವೆ ಅಡವಿಟ್ಟು ಬಂದವರ ಮೇಲೂ ಇದನ್ನು ಹೇರುವುದು ಎಂಥ ನ್ಯಾಯ? ನೀವೇ ವಕೀಲಿಕೆ ಮಾಡಿದವರು.

ಕೇಳುವುದು ಎರಡೇ. ಪ್ರಸ್ತಾವಕ್ಕೆ ಮೊದಲೇ ಬಂದು ದುಡಿಯುತ್ತಿರುವವರಿಗೆ ಹಳೆಯ 5 ವರ್ಷವನ್ನೇ ಉಳಿಸಿ. ಕೇರ್ ಕೆಲಸದವರು ಹೊಸ ಸ್ಪಾನ್ಸರ್ ಇಲ್ಲದೆಯೇ ಅದೇ ಕ್ಷೇತ್ರದಲ್ಲಿ ಬೇರೆಡೆಗೆ ಸೇರಲು ಬಿಡಿ.

ಇಂತಿ,
ಬ್ರಿಟನ್ನಿನಲ್ಲಿರುವ ಒಬ್ಬ ಕನ್ನಡಿಗ